ಡಾಕ್ಟರ್ ಹೂ ಎಂಟನೇ ಸೀಸನ್ ಬ್ಲೂ-ರೇ: ಅಳಿಸಿಹೋದ ಬಣ್ಣ ವಾಪಸು ಬಂದ ಬಗೆ

ಬ್ಲೂ-ರೇ ಅಂದಮೇಲೆ ಚಿತ್ರ ಫಳಫಳ ಹೊಳೆಯಲೇಬೇಕು ಅಂದುಕೊಂಡು ಈ ಸೆಟ್ ತರಿಸಿದವರು ಮೊದಲ ಕಾಲು ಗಂಟೆಯಲ್ಲೇ ಪೆಚ್ಚಾಗುತ್ತಾರೆ. ಮುಖಗಳ ಅಂಚು ಮೆತ್ತಗಿದೆ. ಕೆಂಪು ಬಣ್ಣ ಬಟ್ಟೆಯ ಗೆರೆ ದಾಟಿ ಒಂದಿಷ್ಟು ಆಚೆ ಸರಿದಿದೆ. ಕತ್ತಲ ದೃಶ್ಯಗಳಲ್ಲಿ ಕಾಳು ಕಾಳು. ಇಷ್ಟು ದುಡ್ಡು ಕೊಟ್ಟು ಇದನ್ನು ನೋಡಬೇಕೇ ಅನ್ನಿಸಿದರೆ ಅದು ನೋಡುವವರ ತಪ್ಪಲ್ಲ, ಏಕೆಂದರೆ ಏನನ್ನು ನೋಡುತ್ತಿದ್ದೇವೆ ಎಂಬುದನ್ನು ಪೆಟ್ಟಿಗೆಯ ಬೆನ್ನಿನ ಬರಹ ಸರಿಯಾಗಿ ಹೇಳುವುದಿಲ್ಲ. ಇದರಲ್ಲಿರುವ ಐದು ಕಥೆಗಳಲ್ಲಿ ಎರಡು ಒಂದು ಕಾಲಕ್ಕೆ ಬಿಬಿಸಿಯ ಉಗ್ರಾಣದಲ್ಲಿ ಪೂರ್ತಿ ಕಪ್ಪು-ಬಿಳುಪಿನಲ್ಲಿ ಮಾತ್ರ ಇದ್ದವು. ಮೂರನೆಯದರಲ್ಲಿ ಒಂದೇ ಒಂದು ಕಂತಿಗೆ ಬಣ್ಣವಿತ್ತು. ಈಗ ಇಪ್ಪತ್ತೈದು ಕಂತುಗಳಿಗೂ ಬಣ್ಣವಿದೆ. ಆ ಬಣ್ಣ ಎಲ್ಲಿಂದ ಬಂತು ಅನ್ನುವುದೇ ಈ ಸೆಟ್ಟಿನ ನಿಜವಾದ ಸರಕು.

ಪರಿಚಯ ಇಲ್ಲದವರಿಗೆ ಎರಡು ಮಾತು. ‘ಡಾಕ್ಟರ್ ಹೂ’ ಕಾಲ-ದೇಶಗಳಲ್ಲಿ ಸಂಚರಿಸುವ ‘ಡಾಕ್ಟರ್’ ಎಂಬ ಅನ್ಯಗ್ರಹದವನ ವೈಜ್ಞಾನಿಕ ಕಥೆಗಳ ಬ್ರಿಟಿಷ್ ಧಾರಾವಾಹಿ. ಬಿಬಿಸಿಯಲ್ಲಿ 1963ರ ನವೆಂಬರ್ 23ರಂದು ಶುರುವಾಯಿತು, 1989ರವರೆಗೆ 26 ಸೀಸನ್ ನಡೆಯಿತು. ಆಮೇಲೆ 1996ರ ಒಂದು ಟೆಲಿಫಿಲ್ಮ್ ಬಿಟ್ಟರೆ 2005ರವರೆಗೆ ಪರದೆಯ ಮೇಲೆ ಏನೂ ಇಲ್ಲ. ಆ ಹಳೆಯ ಸೀಸನ್‌ಗಳನ್ನು ‘ದ ಕಲೆಕ್ಷನ್’ ಎಂಬ ಹೆಸರಿನಲ್ಲಿ, ಒಂದು ಸೀಸನ್ನಿಗೆ ಒಂದು ಪೆಟ್ಟಿಗೆಯಂತೆ, 2018ರಿಂದ ಬಿಡುಗಡೆ ಮಾಡುತ್ತಿದ್ದಾರೆ. ಕ್ರಮ ಹಿಡಿದು ಬರುತ್ತಿಲ್ಲ. ಮೊದಲು ಬಂದದ್ದು 12ನೇ ಸೀಸನ್, ಎಂಟನೆಯದು ಬಂದದ್ದು 2021ರಲ್ಲಿ. ಹಾಗಾಗಿ ಸರಣಿಗೆ ಹೊಸಬರು ಒಂದನೆಯದರಿಂದ ಶುರುಮಾಡುತ್ತೇವೆ ಎಂದು ಕಾದು ಕೂರಬೇಕಾಗಿಲ್ಲ, ಎಲ್ಲಿಂದ ಬೇಕಾದರೂ ಶುರು ಮಾಡಬಹುದು.

ಎಂಟನೇ ಸೀಸನ್ 1971ರ ಜನವರಿ 2ರಿಂದ ಜೂನ್ 19ರವರೆಗೆ ಪ್ರಸಾರವಾದದ್ದು. ಜಾನ್ ಪರ್ಟ್ವಿ ಮೂರನೇ ಡಾಕ್ಟರ್ (ಅಂದರೆ ಆ ಪಾತ್ರಕ್ಕೆ ಬಂದ ಮೂರನೇ ನಟ), ಕೇಟಿ ಮ್ಯಾನಿಂಗ್ ಡಾಕ್ಟರ್ ಜೊತೆಗಾತಿ ಜೋ ಗ್ರಾಂಟ್, ನಿಕೊಲಸ್ ಕೋರ್ಟ್ನಿ ಸೇನಾಧಿಕಾರಿ ಬ್ರಿಗೇಡಿಯರ್. ಖಳನಾಯಕ ಮಾಸ್ಟರ್ ಪಾತ್ರ ಹುಟ್ಟಿದ್ದೇ ಇಲ್ಲಿ. ರೋಜರ್ ಡೆಲ್ಗಾಡೋ ಐದೂ ಕಥೆಗಳಲ್ಲಿ ಇದ್ದಾರೆ. ವಾರ ವಾರ ನೋಡಿದವರಿಗೆ ಅದು ಹಬ್ಬವಾಗಿದ್ದಿರಬಹುದು, ಸಾಲಾಗಿ ಹಾಕಿಕೊಂಡು ನೋಡಿದರೆ ಮಾತ್ರ ‘ಓ, ಮತ್ತೆ ಇವನೇ’ ಅನ್ನಿಸುತ್ತದೆ. ಆದರೂ ಡೆಲ್ಗಾಡೋ ಬಂದು ನಿಂತು ಮೆಲ್ಲಗೆ ಮಾತಾಡತೊಡಗಿದರೆ ಉಳಿದವರೆಲ್ಲ ಮಂಕಾಗುತ್ತಾರೆ. 1973ರಲ್ಲಿ ಟರ್ಕಿಯಲ್ಲಿ ಕಾರು ಅಪಘಾತದಲ್ಲಿ ಅವರು ತೀರಿಕೊಂಡರು. ಅಭಿಮಾನಿಗಳು ಇವತ್ತಿಗೂ ಮಾಸ್ಟರ್ ಅಂದರೆ ಮೊದಲು ನೆನೆಯುವುದು ಅವರನ್ನೇ.

ಬಣ್ಣ ಹೋದದ್ದು ಹೇಗೆ? ಸ್ಟುಡಿಯೋದಲ್ಲಿ ಎರಡಿಂಚು ಅಗಲದ ವಿಡಿಯೋ ಟೇಪಿನ ಮೇಲೆ ಕಂತುಗಳು ಸಿದ್ಧವಾಗುತ್ತಿದ್ದವು. ಆ ಟೇಪು ದುಬಾರಿ, ಒರೆಸಿ ಮತ್ತೆ ಬಳಸಬಹುದಾದದ್ದು. ನಟರೊಂದಿಗಿನ ಒಪ್ಪಂದದಿಂದಾಗಿ ಮರುಪ್ರಸಾರಕ್ಕೆ ಮಿತಿ ಇತ್ತು. ಮನೆಯಲ್ಲಿ ಕೊಂಡು ನೋಡುವ ವಿಡಿಯೋ ಮಾರುಕಟ್ಟೆ ಇನ್ನೂ ಇರಲಿಲ್ಲ. 1970ರ ದಶಕದುದ್ದಕ್ಕೂ ಟೇಪುಗಳು ಅಳಿಸಿಹೋದವು. ಅದು ನಿಂತದ್ದು 1978ರ ಸುಮಾರಿಗೆ. ಕಪ್ಪು-ಬಿಳುಪು ಕಾಲದ ಕಂತುಗಳಂತೂ ರಾಶಿಗಟ್ಟಲೆ ಹೋದವು. 2013ರಲ್ಲಿ ನೈಜೀರಿಯಾದಿಂದ ಒಂಬತ್ತು ಕಂತುಗಳು ಸಿಕ್ಕಿದ ಮೇಲೂ ಕಾಣೆಯಾದವುಗಳ ಲೆಕ್ಕ 97ರಲ್ಲಿ ನಿಂತಿತ್ತು. ಎಂಟನೇ ಸೀಸನ್ನಿನ ಯಾವ ಕಂತೂ ಪೂರ್ತಿ ಕಳೆದುಹೋಗಲಿಲ್ಲ. ಬಣ್ಣದ ಟಿವಿ ಇಲ್ಲದ ದೇಶಗಳಿಗೆ ಮಾರಲು ಮಾನಿಟರಿನ ಎದುರು ಕ್ಯಾಮೆರಾ ಇಟ್ಟು ತೆಗೆದ 16 ಮಿ.ಮೀ. ಕಪ್ಪು-ಬಿಳುಪು ಫಿಲ್ಮ್ ಪ್ರತಿಗಳು ಉಳಿದುಕೊಂಡಿದ್ದವು. ಕೆಲವು ಕಂತುಗಳ ಬಣ್ಣದ ಟೇಪುಗಳು ಕೆನಡಾದಿಂದ ವಾಪಸು ಬಂದವು, ಆದರೆ ಅಲ್ಲಿನ ಟಿವಿಯ 525 ಸಾಲಿನ ಎನ್‌ಟಿಎಸ್‌ಸಿ ಪದ್ಧತಿಗೆ ಬದಲಾದ ರೂಪದಲ್ಲಿ. ಬ್ರಿಟನ್ನಿನ ಟಿವಿ ಪದ್ಧತಿಯಾದ 625 ಸಾಲಿನ ಪಾಲ್‌ನಲ್ಲೇ, ಮೂಲ ಟೇಪಾಗಿ ಉಳಿದದ್ದು ಇಡೀ ಸೀಸನ್ನಿನಲ್ಲಿ ಮೂರೇ ಕಂತು: ‘ದ ಕ್ಲಾಸ್ ಆಫ್ ಆಕ್ಸಾಸ್’ ಕಥೆಯ 1 ಮತ್ತು 4, ‘ದ ಡೀಮನ್ಸ್’ ಕಥೆಯ 4.

ಅಂದರೆ ಒಂದೇ ಪೆಟ್ಟಿಗೆಯಲ್ಲಿ ನಾಲ್ಕೈದು ಬಗೆಯ ಮೂಲಗಳು. ಕಥೆವಾರು ನೋಡಿದರೆ ಮಾತ್ರ ಈ ಸೆಟ್ಟಿಗೆ ನ್ಯಾಯ ಸಿಗುತ್ತದೆ.

‘ಟೆರರ್ ಆಫ್ ದ ಆಟಾನ್ಸ್’, ನಾಲ್ಕು ಕಂತು. ರಾಬರ್ಟ್ ಹೋಮ್ಸ್ ಬರೆದದ್ದು, ನಿರ್ಮಾಪಕ ಬ್ಯಾರಿ ಲೆಟ್ಸ್ ತಾವೇ ನಿರ್ದೇಶಿಸಿದ್ದು. ಪ್ಲಾಸ್ಟಿಕ್ ಕುರ್ಚಿ ಮನುಷ್ಯನನ್ನು ನುಂಗುತ್ತದೆ, ಗೊಂಬೆ ಕೊಲ್ಲಲು ಏಳುತ್ತದೆ, ಟೆಲಿಫೋನ್ ತಂತಿ ಡಾಕ್ಟರ್ ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ, ಪೊಲೀಸಿನವನ ಮುಖ ಕಳಚಿದರೆ ಒಳಗೆ ಮುಖವೇ ಇಲ್ಲ. ಮಕ್ಕಳಿಗೆ ಇದು ತೀರಾ ಹೆಚ್ಚಾಯಿತು ಎಂದು ಬ್ರಿಟನ್ನಿನ ಮೇಲ್ಮನೆಯಲ್ಲೂ ಮಾತು ಬಂತು. ಫಿಲ್ಮ್ ಪ್ರತಿ ಕಪ್ಪು-ಬಿಳುಪು. ಬಣ್ಣ ಬಂದದ್ದು 1970ರ ದಶಕದಲ್ಲಿ ಅಮೆರಿಕದ ಅಭಿಮಾನಿಯೊಬ್ಬರು ಟಿವಿ ಪ್ರಸಾರವನ್ನು ಮನೆಯ ವಿಡಿಯೋ ರೆಕಾರ್ಡರಿನಲ್ಲಿ ಹಿಡಿದಿಟ್ಟಿದ್ದ ಪ್ರತಿಯಿಂದ.

ಈ ಕೆಲಸದ ತತ್ವ ಸರಳ, ಕೈಗೆಲಸ ಮಾತ್ರ ಘೋರ. ನಮ್ಮ ಕಣ್ಣು ವಿವರವನ್ನು ಹಿಡಿಯುವುದು ಹೆಚ್ಚಾಗಿ ಬೆಳಕು-ನೆರಳಿನಿಂದ, ಬಣ್ಣ ಸ್ವಲ್ಪ ಮಸುಕಾಗಿದ್ದರೂ ಸುಧಾರಿಸಿಕೊಳ್ಳುತ್ತದೆ. ರಂಗೋಲಿಯ ಗೆರೆ ನೆಟ್ಟಗಿದ್ದರೆ ತುಂಬಿದ ಬಣ್ಣದ ಪುಡಿ ಅಲ್ಲಲ್ಲಿ ಗೆರೆ ದಾಟಿದರೂ ಎರಡು ಮಾರು ದೂರದಿಂದ ಅಂದಗೆಡುವುದಿಲ್ಲವಲ್ಲ, ಹಾಗೆ. ಆದ್ದರಿಂದ ವಿವರವನ್ನು ಫಿಲ್ಮಿನಿಂದಲೂ ಬಣ್ಣವನ್ನಷ್ಟೇ ಮನೆಯ ಟೇಪಿನಿಂದಲೂ ತೆಗೆದು ಒಂದರ ಮೇಲೊಂದು ಕೂರಿಸಿದರು. ತೊಂದರೆ ಶುರುವಾಗುವುದು ಕೂರಿಸುವಲ್ಲಿ. ಮಾನಿಟರಿನಿಂದ ಫಿಲ್ಮಿಗೆ ಇಳಿಸುವಾಗ ಚಿತ್ರದ ಮೂಲೆಗಳು ಬಾಗಿರುತ್ತವೆ, ಕ್ಯಾಮೆರಾದ ಒಳಗೆ ಫಿಲ್ಮ್ ಅಲುಗಾಡಿರುತ್ತದೆ. ಟೇಪಿನ ಚಿತ್ರ ಬೇರೆಯೇ ರೀತಿ ಓರೆಯಾಗಿರುತ್ತದೆ. ಒಂದು ಸೆಕೆಂಡಿಗೆ ಫಿಲ್ಮಿನಲ್ಲಿ 25 ಚೌಕಟ್ಟು, ಅಮೆರಿಕದ ಟೇಪಿನಲ್ಲಿ 60 ಫೀಲ್ಡು (ಒಂದು ಬಿಟ್ಟು ಒಂದು ಸಾಲಿನ ಅರ್ಧ ಚಿತ್ರ). ಇವೆಲ್ಲವನ್ನೂ ಹೊಂದಿಸಿ ಎಳೆದು ಬಗ್ಗಿಸದಿದ್ದರೆ ಜೋ ಗ್ರಾಂಟಳ ಬಟ್ಟೆಯ ಬಣ್ಣ ಹಿಂದಿನ ಗೋಡೆಗೆ ಹೋಗಿ ಅಂಟುತ್ತದೆ. ಡಿಸ್ಕಿನಲ್ಲಿ ಬಣ್ಣ ಅಂಚಿನಿಂದ ಸರಿದಂತೆ ಕಾಣುವ ಜಾಗಗಳು ಇದರ ಉಳಿಕೆ, ನಿಮ್ಮ ಟಿವಿಯ ದೋಷವಲ್ಲ. ವೇಗವಾಗಿ ಕೈ ಬೀಸಿದಾಗ, ತಲೆ ತಿರುಗಿಸಿದಾಗ ಹೆಚ್ಚು ಗೊತ್ತಾಗುತ್ತದೆ.

ಆಟಾನ್ಸ್ ಬಗ್ಗೆ ಇನ್ನೊಂದು ಎಚ್ಚರಿಕೆ. ಬ್ಯಾರಿ ಲೆಟ್ಸ್‌ಗೆ ಆಗ ಹೊಸದಾಗಿ ಬಂದಿದ್ದ ಬಣ್ಣ ಬೇರ್ಪಡಿಸುವ ತಂತ್ರದ ಹುಚ್ಚು. ನಟರ ಹಿಂದೆ ಒಂದೇ ಬಣ್ಣದ ಪರದೆ ಹಾಕಿ ಅಲ್ಲಿ ಬೇರೆ ಚಿತ್ರ ತುಂಬುವುದು. ಮನೆಯ ಅಡುಗೆಕೋಣೆಯಂಥ ಸಾದಾ ಜಾಗಕ್ಕೂ ಸೆಟ್ ಕಟ್ಟದೆ ಫೋಟೋ ತುಂಬಿದ್ದಾರೆ. ತಲೆಗೂದಲ ಸುತ್ತ ಕಾಣುವ ಬಣ್ಣದ ಅಂಚು 1971ರಲ್ಲೂ ಹಾಗೇ ಇತ್ತು. ಅದನ್ನು ಪುನರುಜ್ಜೀವನ ತಂಡ ಒರೆಸಲಿಲ್ಲ, ಒರೆಸಬಾರದು ಕೂಡ.

‘ದ ಮೈಂಡ್ ಆಫ್ ಈವಿಲ್’, ಆರು ಕಂತು. ಈ ಪೆಟ್ಟಿಗೆಗೆ ದುಡ್ಡು ಕೊಡಲು ಒಂದೇ ಕಾರಣ ಬೇಕೆಂದರೆ ಇದು. ಡಾನ್ ಹೌಟನ್ ಬರೆದ ಜೈಲಿನ ಕಥೆ. ಕೈದಿಗಳ ತಲೆಯಿಂದ ಕೆಟ್ಟತನವನ್ನು ಹೀರುವ ಯಂತ್ರ, ನಡುವೆ ಒಂದು ಶಾಂತಿ ಸಮ್ಮೇಳನ, ಕದ್ದ ಕ್ಷಿಪಣಿ. ಜೈಲಿನ ಹೊರನೋಟ ಕೆಂಟ್‌ನ ಡೋವರ್ ಕೋಟೆ. ದಶಕಗಳ ಕಾಲ ಇದನ್ನು ಅಭಿಮಾನಿಗಳು ನೋಡಿದ್ದು ಕಪ್ಪು-ಬಿಳುಪಿನಲ್ಲೇ, ಮಾರಾಟಕ್ಕೆ ಬಂದ ವಿಡಿಯೋ ಕ್ಯಾಸೆಟ್ಟೂ ಅದೇ. ಅಮೆರಿಕದ ಟೇಪು ಇಲ್ಲಿ ಪೂರ್ತಿ ನೆರವಿಗೆ ಬರಲಿಲ್ಲ.

ಹಾಗಾದರೆ ಬಣ್ಣ ಎಲ್ಲಿತ್ತು? ಕಪ್ಪು-ಬಿಳುಪು ಫಿಲ್ಮಿನ ಒಳಗೇ. ಪಾಲ್ ಪದ್ಧತಿಯಲ್ಲಿ ಬಣ್ಣದ ಸುದ್ದಿ ಸುಮಾರು 4.43 ಮೆಗಾಹರ್ಟ್ಸ್‌ನ ಉಪವಾಹಕ ಅಲೆಯ ಮೇಲೆ ಕೂತು ಬರುತ್ತದೆ. ಕಪ್ಪು-ಬಿಳುಪು ಮಾನಿಟರಿಗೆ ಆ ಅಲೆ ಅರ್ಥವಾಗುವುದಿಲ್ಲ, ಪರದೆಯ ತುಂಬ ಪುಟಾಣಿ ಚುಕ್ಕಿಗಳಾಗಿ ತೋರಿಸುತ್ತದೆ. ಫಿಲ್ಮಿಗೆ ಇಳಿಸುವಾಗ ಆ ಚುಕ್ಕಿಗಳನ್ನು ಅಳಿಸುವ ಸೋಸುಕ ಹಾಕಬೇಕಿತ್ತು. ಎಷ್ಟೋ ಸಲ ಹಾಕಿರಲಿಲ್ಲ. ಅಂದಿನ ಲೆಕ್ಕದಲ್ಲಿ ಅದು ಅಸಡ್ಡೆ, ಇವತ್ತಿನ ಲೆಕ್ಕದಲ್ಲಿ ಪುಣ್ಯ. ಆ ಚುಕ್ಕಿಗಳನ್ನು ಓದಿ ಬಣ್ಣ ಹಿಂಪಡೆಯಬಹುದು ಎಂಬ ವಿಚಾರವನ್ನು ಬಿಬಿಸಿಯ ಜೇಮ್ಸ್ ಇನ್ಸೆಲ್ ಮುಂದಿಟ್ಟರು. ಅವರ ಸುತ್ತ ಒಂದು ಹವ್ಯಾಸಿ ತಂಡ ಕೂಡಿತು, ರಿಚರ್ಡ್ ರಸೆಲ್ ತಂತ್ರಾಂಶ ಬರೆದರು. 2008ರಲ್ಲಿ ಒಂದು ಹಾಸ್ಯ ಧಾರಾವಾಹಿಯ ಕಂತು ಈ ದಾರಿಯಿಂದ ಬಣ್ಣ ಪಡೆದು ಬಿಬಿಸಿಯಲ್ಲಿ ಪ್ರಸಾರವಾಯಿತು.

ಹೇಳಿದಷ್ಟು ಸಲೀಸಲ್ಲ. ಫಿಲ್ಮನ್ನು ಎಚ್‌ಡಿ ವಿವರದಲ್ಲಿ ಸ್ಕ್ಯಾನ್ ಮಾಡಬೇಕು, ಇಲ್ಲದಿದ್ದರೆ ಚುಕ್ಕಿಗಳೇ ಸಿಗುವುದಿಲ್ಲ. ಚಿತ್ರದ ಬಾಗು-ಓರೆಗಳನ್ನು ತಿದ್ದಿ ಮೂಲ ಟಿವಿ ಸಾಲುಗಳನ್ನು ಒಂದೊಂದಾಗಿ ಗುರುತಿಸಬೇಕು. ಚುಕ್ಕಿ ಎಷ್ಟು ಸರಿದಿದೆ ಎಂಬುದರಿಂದ ಬಣ್ಣ ತಿಳಿಯುವುದರಿಂದ ಸಾಲು ಕೊಂಚ ತಪ್ಪಿದರೂ ಕೆಂಪು ಇದ್ದಲ್ಲಿ ಹಸಿರು. ಜೊತೆಗೆ ಬಣ್ಣದ ಅಳತೆಗೆ ಆಧಾರವಾದ ಗುರುತು ಸಂಕೇತ ಮಾನಿಟರಿನ ಪರದೆಗೆ ಬರುವುದೇ ಇಲ್ಲ, ಹೀಗಾಗಿ ಒಂದೊಂದು ಜಾಗಕ್ಕೆ ನಾಲ್ಕು ಸಾಧ್ಯ ಬಣ್ಣಗಳಲ್ಲಿ ಯಾವುದು ಎಂಬ ಅನುಮಾನ ಉಳಿಯುತ್ತದೆ. ತಂತ್ರಾಂಶ ಊಹಿಸುತ್ತದೆ, ತಪ್ಪಿದ ಕಡೆ ಮನುಷ್ಯ ಕೂತು ತಿದ್ದಬೇಕು. ‘ಮೈಂಡ್ ಆಫ್ ಈವಿಲ್’ನ 2ರಿಂದ 6ನೇ ಕಂತುಗಳು ಹೀಗೆ ಬಣ್ಣ ಪಡೆದವು.

ಒಂದನೇ ಕಂತಿನ ಫಿಲ್ಮಿಗೆ ಮಾತ್ರ ಯಾರೋ ನಿಯತ್ತಾಗಿ ಸೋಸುಕ ಹಾಕಿದ್ದರು. ಚುಕ್ಕಿಗಳಿಲ್ಲ. ಅದನ್ನು ಬೇಬಲ್‌ಕಲರ್ ಹೆಸರಿನಿಂದ ಅಭಿಮಾನಿಗಳಿಗೆ ಗೊತ್ತಿರುವ ಸ್ಟುವರ್ಟ್ ಹಂಫ್ರೀಸ್ ಕೈಯಿಂದ ಬಣ್ಣ ಹಾಕಿದರು. ಸಾವಿರಾರು ಮುಖ್ಯ ಚೌಕಟ್ಟುಗಳಿಗೆ ಒಂದೊಂದಾಗಿ ಬಣ್ಣ ತುಂಬಿ, ನಡುವಿನವನ್ನು ಅವುಗಳ ಆಧಾರದ ಮೇಲೆ ತುಂಬಿಸಿದ ಕೆಲಸ. 2013ರ ಡಿವಿಡಿಯಲ್ಲಿ ಇದು ಮೊದಲು ಬಂತು.

ಡಿಸ್ಕ್ ಹಾಕಿಕೊಂಡು ಒಂದನೇ ಕಂತಿನ ಕೊನೆಯ ಐದು ನಿಮಿಷ, ಎರಡನೇ ಕಂತಿನ ನಡುವಿನ ಐದು ನಿಮಿಷ ಹಿಂದಿಂದೆ ನೋಡಿ. ಒಂದನೆಯದರಲ್ಲಿ ಬಣ್ಣ ನಿಂತಲ್ಲಿ ನಿಂತಿದೆ. ಚರ್ಮದ ಬಣ್ಣ ಸ್ವಲ್ಪ ಸಮತಟ್ಟು, ನೆರಳಿನಲ್ಲಿ ಬಣ್ಣದ ಏರಿಳಿತ ಕಡಿಮೆ. ಎರಡನೆಯದರಲ್ಲಿ ಚರ್ಮಕ್ಕೆ ಜೀವವಿದೆ, ಕಿವಿಯ ಕೆಂಪು, ಕೆನ್ನೆಯ ಬಿಳಿಚು ಬೇರೆ ಬೇರೆಯಾಗಿ ಕಾಣುತ್ತವೆ, ಆದರೆ ಗಾಢ ಬಣ್ಣದ ಹರವಿನಲ್ಲಿ ಸಣ್ಣ ನಡುಕ ಇದೆ. ಯಾವುದು ಮೇಲು ಅಂದರೆ, ನಿಜ ಬಣ್ಣದ ಮಟ್ಟಿಗೆ ಎರಡನೆಯದು. ಕಣ್ಣಿಗೆ ಹಿತವಾಗಿರುವುದು ಮೊದಲನೆಯದು. ಕೈಯಿಂದ ಮಾಡಿದ್ದು ಯಂತ್ರದ ಪಕ್ಕದಲ್ಲಿ ಇಷ್ಟು ಸರಾಗವಾಗಿ ಕೂತಿರುವುದೇ ದೊಡ್ಡದು.

‘ದ ಕ್ಲಾಸ್ ಆಫ್ ಆಕ್ಸಾಸ್’, ನಾಲ್ಕು ಕಂತು. ಕಿತ್ತಳೆ, ಹಳದಿ, ನೇರಳೆ ಬಣ್ಣಗಳು ಒಟ್ಟಿಗೇ ಕಿರುಚುವ ಕಥೆ, ಟಿವಿಯ ಬಣ್ಣ ಸರಿಯಾಗಿದೆಯೇ ಎಂದು ನೋಡಲು ಹೇಳಿ ಮಾಡಿಸಿದ್ದು. 1 ಮತ್ತು 4 ಮೂಲ ಟೇಪು. 2 ಮತ್ತು 3 ಕೆನಡಾದಿಂದ ಬಂದ 525 ಸಾಲಿನ ಟೇಪು. 1970ರ ದಶಕದ ಪರಿವರ್ತಕ ಯಂತ್ರ 625 ಸಾಲನ್ನು 525ಕ್ಕೆ ಇಳಿಸುವಾಗ, 50 ಫೀಲ್ಡನ್ನು 60ಕ್ಕೆ ಏರಿಸುವಾಗ ಅಕ್ಕಪಕ್ಕದ ಫೀಲ್ಡುಗಳನ್ನು ಕಲಸಿಬಿಡುತ್ತಿತ್ತು. ಹಾಗಾಗಿ ಚಲನೆಯಲ್ಲಿ ಎರಡೆರಡು ಅಂಚು. ಬಿಬಿಸಿ ಸಂಶೋಧನಾ ವಿಭಾಗದ ಜಿಮ್ ಈಸ್ಟರ್‌ಬ್ರೂಕ್ ಆ ಯಂತ್ರ ಏನು ಮಾಡಿತ್ತೋ ಅದನ್ನು ಗಣಿತದಲ್ಲಿ ತಿರುಗಾಮುರುಗಾ ಮಾಡಿ ಕಲಸಿದ್ದನ್ನು ಬಿಡಿಸುವ ವಿಧಾನ ರೂಪಿಸಿದರು. 2005ರ ಡಿವಿಡಿಯಲ್ಲಿ ಮೊದಲು ಬಳಸಿದ್ದು ಈ ಕಥೆಗೇ. ಚಲನೆ ಮರಳಿ ಬರುತ್ತದೆ, ಕಳೆದುಹೋದ ಸಾಲುಗಳ ವಿವರ ಬರುವುದಿಲ್ಲ. ಬಿಡಿಸುವ ಲೆಕ್ಕದಲ್ಲಿ ಕಾಳು ಹೆಚ್ಚಾಗುತ್ತದೆ. ಹೀಗಾಗಿ 1ರಿಂದ 2ಕ್ಕೆ ಹೋದಾಗ ಚಿತ್ರ ಒಂದು ಮೆಟ್ಟಿಲು ಇಳಿಯುತ್ತದೆ, 4ರಲ್ಲಿ ಮತ್ತೆ ಏರುತ್ತದೆ. ಡಿಸ್ಕ್ ಕೆಟ್ಟಿದೆ ಎಂದು ವಾಪಸು ಕಳಿಸಬೇಡಿ.

ಹೊರಾಂಗಣ ಚಿತ್ರೀಕರಣ ಕೆಂಟ್‌ನ ಡಂಜೆನೆಸ್‌ನಲ್ಲಿ, ಜನವರಿಯ ಚಳಿಯಲ್ಲಿ. ಹವೆ ದಿನಕ್ಕೊಂದು ಥರ ಬದಲಾದ್ದರಿಂದ ‘ವಿಚಿತ್ರ ಹವಾಮಾನ’ ಎಂಬ ಮಾತನ್ನು ಸಂಭಾಷಣೆಯಲ್ಲಿ ತುರುಕಿ ತೇಪೆ ಹಾಕಿದ್ದಾರೆ. ಜೀಪಿನೊಳಗಿನ ದೃಶ್ಯದಲ್ಲಿ ಹಿಂದಿನ ನೀಲಿ ಪರದೆಗೆ ಚಿತ್ರ ತುಂಬುವುದೇ ಬಿಟ್ಟುಹೋಗಿದೆ. ಇಂಥ ಜಾಗ ಬಂದಾಗ ಹಳೆಯ ಅಭಿಮಾನಿಗಳು ನಗುತ್ತಾರೆಯೇ ಹೊರತು ದೂರುವುದಿಲ್ಲ.

‘ಕಾಲನಿ ಇನ್ ಸ್ಪೇಸ್’, ಆರು ಕಂತು. ಸೀಸನ್ನಿನ ದುರ್ಬಲ ಕೊಂಡಿ, ಚಿತ್ರದಲ್ಲೂ ಕಥೆಯಲ್ಲೂ. ಮಾಲ್ಕಮ್ ಹಲ್ಕ್ ಗಣಿ ಕಂಪನಿ ಮತ್ತು ನೆಲ ನಂಬಿ ಬಂದ ವಲಸಿಗರ ಜಗಳವನ್ನು ಬರೆದಿದ್ದಾರೆ, ವಿಚಾರ ಒಳ್ಳೆಯದೇ, ಆರು ಕಂತಿಗೆ ಎಳೆದದ್ದು ಹೆಚ್ಚಾಯಿತು. ಕಾರ್ನ್‌ವಾಲ್‌ನ ಜೇಡಿಮಣ್ಣಿನ ಗಣಿಯಲ್ಲಿ ತೆಗೆದದ್ದರಿಂದ ಎಲ್ಲ ಬೂದು, ಕೆಸರು. ಆರೂ ಕಂತು 525 ಸಾಲಿನ ಟೇಪಿನಿಂದ ಬಂದವು. ಇದನ್ನು ಕೊನೆಗೆ ಇಟ್ಟುಕೊಳ್ಳಿ.

‘ದ ಡೀಮನ್ಸ್’, ಐದು ಕಂತು. ‘ಗೈ ಲಿಯಪೋಲ್ಡ್’ ಎಂಬ ಹೆಸರಿನಡಿ ಬ್ಯಾರಿ ಲೆಟ್ಸ್ ಮತ್ತು ರಾಬರ್ಟ್ ಸ್ಲೋಮನ್ ಬರೆದದ್ದು, ನಿರ್ದೇಶನ ಕ್ರಿಸ್ಟೋಫರ್ ಬ್ಯಾರಿ. ಇಂಗ್ಲೆಂಡಿನ ಹಳ್ಳಿ, ಹಳೆಯ ಗುಡ್ಡ ಅಗೆಯುವ ಪುರಾತತ್ವಜ್ಞರು, ಪಾದ್ರಿಯ ವೇಷದಲ್ಲಿ ಮಾಸ್ಟರ್, ಇಗರ್ಜಿಯ ಕೆಳಗೆ ಮಲಗಿರುವ ಕೊಂಬಿನ ಜೀವಿ, ಊರಿನ ಸುತ್ತ ಕಾಣದ ಬೇಲಿ. ಚಿತ್ರೀಕರಣ ವಿಲ್ಟ್‌ಶರ್‌ನ ಆಲ್ಡ್‌ಬೋರ್ನ್ ಹಳ್ಳಿಯಲ್ಲಿ. ಅಲ್ಲಿನ ಬ್ಲೂ ಬೋರ್ ಎಂಬ ಪಬ್ ಕಥೆಯಲ್ಲಿ ‘ಕ್ಲೋವನ್ ಹೂಫ್’ ಆಗಿದೆ. ಅಭಿಮಾನಿಗಳು ಇವತ್ತಿಗೂ ಅಲ್ಲಿಗೆ ಹೋಗಿ ಹಸಿರು ಬಯಲಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಲಂಡನ್, ರೆಡಿಂಗ್ ಕಡೆ ಇರುವ ಕನ್ನಡಿಗರಿಗೆ ಒಂದು ಭಾನುವಾರದ ಓಡಾಟಕ್ಕೆ ಸಾಕಾಗುವಷ್ಟು ಹತ್ತಿರ. ಇಗರ್ಜಿ, ಪಬ್, ಬಯಲು ಮೂರೂ ಕಾಲ್ನಡಿಗೆಯ ದೂರದಲ್ಲಿವೆ.

ಈ ಕಥೆಗೆ ಚರಿತ್ರೆಯಲ್ಲಿ ಬೇರೆಯೇ ಜಾಗವಿದೆ. ಸರಣಿ ನಿಂತುಹೋಗಿದ್ದ ಕಾಲದಲ್ಲಿ, 1992ರಲ್ಲಿ, ರಾಲ್ಫ್ ಮಾಂಟಗು, ಸ್ಟೀವ್ ರಾಬರ್ಟ್ಸ್, ಪಾಲ್ ವನೇಜಿಸ್ ಮೊದಲಾದವರು ಸೇರಿ ಕಪ್ಪು-ಬಿಳುಪು ಫಿಲ್ಮಿನ ಮೇಲೆ ಅಮೆರಿಕದ ಟೇಪಿನ ಬಣ್ಣ ಕೂರಿಸಿದ ಮೊದಲ ಕಥೆ ಇದು. ಅದು ಬಿಬಿಸಿ 2ರಲ್ಲಿ ಪ್ರಸಾರವೂ ಆಯಿತು. ಹೊಸ ಕಂತು ಬರುವ ಸುಳಿವೇ ಇಲ್ಲದ ವರ್ಷಗಳಲ್ಲಿ ಕೂತು ಹಳೆಯದನ್ನು ಸರಿಮಾಡಿದವರಿಂದಲೇ ಆಮೇಲಿನ ‘ರೆಸ್ಟೊರೇಶನ್ ಟೀಮ್’ ಬೆಳೆಯಿತು, ಮುಂದೆ ಡಿವಿಡಿ, ಬ್ಲೂ-ರೇ ಎಲ್ಲ ಅವರ ಸುತ್ತಲೇ ನಡೆದವು. 4ನೇ ಕಂತು ಮೂಲ ಟೇಪಾಗಿ ಉಳಿದದ್ದು ಅವರಿಗೆ ಅಳತೆಗೋಲಾಯಿತು: ಅದೇ ಗುಹೆ, ಅದೇ ಮಾಸ್ಟರನ ಕೆಂಪು ನಿಲುವಂಗಿ ಹೇಗಿರಬೇಕು ಎಂಬುದಕ್ಕೆ ಸಾಕ್ಷಿ ಅಲ್ಲಿತ್ತು. 3, 4, 5ನ್ನು ಒಂದೇ ಕೂತಿನಲ್ಲಿ ನೋಡಿದರೆ ಆ ನಿಲುವಂಗಿಯ ಕೆಂಪನ್ನೇ ಹಿಂಬಾಲಿಸಿ. 4ರಲ್ಲಿ ಮಡಿಕೆಯ ಒಳಗಿನ ಕಡುಗೆಂಪೂ ಕಾಣುತ್ತದೆ, ಆಚೀಚೆಯ ಕಂತುಗಳಲ್ಲಿ ಮಡಿಕೆ ಬಣ್ಣದಿಂದಲ್ಲ, ನೆರಳಿನಿಂದ ಕಾಣುತ್ತದೆ.

ಫಿಲ್ಮಿನಿಂದ ಬಂದ ಮೂರು ಕಥೆಗಳಿಗೂ ‘ವಿಡ್‌ಫೈರ್’ ಸಂಸ್ಕರಣೆ ಇದೆ. ಸ್ಟುಡಿಯೋ ವಿಡಿಯೋದಲ್ಲಿ ಸೆಕೆಂಡಿಗೆ 50 ಫೀಲ್ಡು ಇದ್ದದ್ದು ಫಿಲ್ಮಿಗೆ ಇಳಿದಾಗ 25 ಚೌಕಟ್ಟಾಗಿತ್ತು. ಪೀಟರ್ ಫಿಂಕಲ್‌ಸ್ಟೋನ್ ರೂಪಿಸಿದ ಈ ವಿಧಾನ ನಡುವಿನ ಚಲನೆಯನ್ನು ಲೆಕ್ಕಹಾಕಿ ತುಂಬುತ್ತದೆ. ಇದರಿಂದ ಒಂದು ಗೊಂದಲ ಬರುತ್ತದೆ: ಸ್ಟುಡಿಯೋ ದೃಶ್ಯ ನಯವಾಗಿ ಹರಿಯುತ್ತದೆ, ಬಾಗಿಲು ತೆಗೆದು ಹೊರಗೆ ಹೋದೊಡನೆ ಚಲನೆ ಸಿನಿಮಾದಂತಾಗುತ್ತದೆ. 1971ರಲ್ಲೂ ಹಾಗೇ ಇತ್ತು, ಹೊರಾಂಗಣ ತೆಗೆಯುತ್ತಿದ್ದದ್ದು ಫಿಲ್ಮಿನಲ್ಲಿ.

ಇಲ್ಲಿಯೇ ಬಹುತೇಕರ ಟಿವಿ ಕೆಲಸ ಕೆಡಿಸುವುದು. ಚಲನೆ ನಯಗೊಳಿಸುವ ಸೌಲಭ್ಯವನ್ನು ಮೊದಲು ಆರಿಸಿ. ಸೋನಿಯಲ್ಲಿ ಮೋಷನ್‌ಫ್ಲೋ, ಎಲ್‌ಜಿಯಲ್ಲಿ ಟ್ರೂಮೋಷನ್, ಸ್ಯಾಮ್‌ಸಂಗ್‌ನಲ್ಲಿ ಆಟೋ ಮೋಷನ್ ಪ್ಲಸ್ ಅಥವಾ ಪಿಕ್ಚರ್ ಕ್ಲಾರಿಟಿ. ಅದು ಇದ್ದರೆ ಸ್ಟುಡಿಯೋ ಮತ್ತು ಹೊರಾಂಗಣದ ವ್ಯತ್ಯಾಸ ಅಳಿದುಹೋಗುತ್ತದೆ, ಬಣ್ಣ ಸರಿದ ಅಂಚುಗಳ ಸುತ್ತ ಅಂಟಂಟು ಗೆರೆ ಏಳುತ್ತದೆ. ಶಾರ್ಪ್‌ನೆಸ್ ಇಳಿಸಿ. ಹಲವು ಸೋನಿ ಟಿವಿಗಳಲ್ಲಿ 50 ಅಂದರೆ ಇದ್ದದ್ದು ಇದ್ದಂತೆ, ಅದಕ್ಕಿಂತ ಮೇಲೆ ಹೋಗಬೇಡಿ. ಏರಿಸಿದರೆ ಕಾಳು ಮಾತ್ರ ದಪ್ಪವಾಗುತ್ತದೆ. ಪಿಕ್ಚರ್ ಮೋಡ್ ಸಿನಿಮಾ ಇರಲಿ, ವಿವಿಡ್ ಹಾಕಿದರೆ ಆಕ್ಸಾಸ್ ನೋಡುವ ಕಣ್ಣಿಗೆ ಶಿಕ್ಷೆ. ಡಿಸ್ಕಿನ ಚಿತ್ರ 1080 ಸಾಲಿನ ಇಂಟರ್‌ಲೇಸ್ಡ್, 50 ಹರ್ಟ್ಸ್. ಪ್ಲೇಯರಿನ ಔಟ್‌ಪುಟ್ಟನ್ನು ಸೋರ್ಸ್ ಡೈರೆಕ್ಟ್‌ಗೆ ಅಥವಾ 50 ಹರ್ಟ್ಸ್‌ಗೆ ಇಡಿ, 60ಕ್ಕೆ ಒತ್ತಾಯಿಸಿದರೆ ಕ್ಯಾಮೆರಾ ಪಕ್ಕಕ್ಕೆ ತಿರುಗಿದಾಗಲೆಲ್ಲ ಚಿತ್ರ ತಡವರಿಸುತ್ತದೆ. ನಮ್ಮ ದೂರದರ್ಶನವೂ ಪಾಲ್ ಪದ್ಧತಿಯದ್ದೇ ಆದ್ದರಿಂದ ಭಾರತದಲ್ಲಿ ಮಾರುವ ಟಿವಿಗಳು 50 ಹರ್ಟ್ಸ್‌ಗೆ ತಕರಾರು ಮಾಡುವುದಿಲ್ಲ. ಅಮೆರಿಕದಿಂದ ತಂದ ಟಿವಿ, ಪ್ಲೇಯರ್ ಇದ್ದವರು ಮಾತ್ರ ಮೊದಲೇ ಪರೀಕ್ಷಿಸಿಕೊಳ್ಳಿ. ಎರಡು ಪಕ್ಕದ ಕಪ್ಪು ಪಟ್ಟಿ ತೆಗೆಯಲು ಚಿತ್ರ ಹಿಗ್ಗಿಸಬೇಡಿ, ಇದು 4:3ರಲ್ಲಿ ತೆಗೆದದ್ದು. ಪರ್ಟ್ವಿಯ ನೀಳ ಮುಖ ದೋಸೆಯಾಗುವುದು ಬೇಡ.

ಧ್ವನಿಯ ಜವಾಬ್ದಾರಿ ಮಾರ್ಕ್ ಏರ್ಸ್‌ ಅವರದ್ದು, 1980ರ ದಶಕದ ಕೊನೆಯಲ್ಲಿ ಈ ಸರಣಿಗೇ ಸಂಗೀತ ಕೊಟ್ಟವರು. ಫಿಲ್ಮಿನ ಅಂಚಿನ ಧ್ವನಿಪಟ್ಟಿಯ ಹರವು ಕಿರಿದಾದರೂ ಮಾತು ಸ್ಪಷ್ಟ. ಐದೂ ಕಥೆಗೆ ಸಂಗೀತ ಡಡ್ಲಿ ಸಿಂಪ್ಸನ್‌ರದ್ದು, ಎಲ್ಲ ಸಿಂತಸೈಜರ್. ಮಾಸ್ಟರ್ ಬಂದಾಗಲೆಲ್ಲ ಮೊಳಗುವ ಆ ಗುಡುಗು ತುಣುಕು ಮೂರನೇ ಕಥೆಯ ಹೊತ್ತಿಗೆ ಬೇಸರ ತರಿಸುತ್ತದೆ. ಸೌಂಡ್‌ಬಾರಿನ ಸರೌಂಡ್ ಆರಿಸಿ ಸಾದಾ ಸ್ಟೀರಿಯೋದಲ್ಲಿ ಕೇಳಿ.

ಹೆಚ್ಚುವರಿ ಸಾಮಗ್ರಿಯಲ್ಲಿ ‘ಟೆರನ್ಸ್ ಅಂಡ್ ಮಿ’ ತಪ್ಪಿಸಬೇಡಿ. ಕಥಾ ಸಂಪಾದಕ ಟೆರನ್ಸ್ ಡಿಕ್ಸ್ ಈ ಕಥೆಗಳನ್ನು ಮಕ್ಕಳ ಕಾದಂಬರಿಗಳಾಗಿ ಬರೆದು ಒಂದು ಪೀಳಿಗೆಗೇ ಓದು ಹಚ್ಚಿದವರು. ಅವರ ಮೇಲೆ ಹಾಸ್ಯ ಕಲಾವಿದ ಫ್ರಾಂಕ್ ಸ್ಕಿನ್ನರ್‌ಗಿರುವ ಪ್ರೀತಿ ನಟನೆಯಲ್ಲ. ಕೇಟಿ ಮ್ಯಾನಿಂಗ್ ಮತ್ತು ಸಾರ್ಜೆಂಟ್ ಬೆಂಟನ್ ಪಾತ್ರದ ಜಾನ್ ಲೆವೀನ್ ಆಲ್ಡ್‌ಬೋರ್ನ್‌ಗೆ ಮರಳಿ ಹೋಗುವ ಸಾಕ್ಷ್ಯಚಿತ್ರವೂ ಚೆನ್ನಾಗಿದೆ. ಸೋಫಾದಲ್ಲಿ ಕೂತು ಹಳೆಯ ನಟರು ಕಂತು ನೋಡಿ ಹರಟುವ ‘ಬಿಹೈಂಡ್ ದ ಸೋಫಾ’ ಎರಡು ಕಥೆಗೆ ಮಜ, ಐದಕ್ಕೂ ಆದರೆ ಸಾಕು ಸಾಕು. ನಮಗೆ ಎಲ್ಲಕ್ಕಿಂತ ಹೆಚ್ಚು ಬೆಲೆಯದೆನಿಸಿದ್ದು ಮಾಹಿತಿ ಸಬ್‌ಟೈಟಲ್. ಯಾವ ದಿನ ಎಲ್ಲಿ ತೆಗೆದದ್ದು, ಯಾವ ಸಾಲು ಕಡೇ ಗಳಿಗೆಯಲ್ಲಿ ಬದಲಾಯಿತು ಎಂದು ಕಂತಿನುದ್ದಕ್ಕೂ ಬರುತ್ತದೆ. ಸಬ್‌ಟೈಟಲ್ ಎಲ್ಲ ಇಂಗ್ಲಿಷಿನಲ್ಲೇ. ಮೂಲ ಚಿತ್ರಕಥೆ, ಕಾಗದಪತ್ರಗಳು ಪಿಡಿಎಫ್ ಆಗಿ ಡಿಸ್ಕಿನಲ್ಲಿವೆ, ಆದರೆ ಟಿವಿಗೆ ಜೋಡಿಸಿದ ಪ್ಲೇಯರಿನಲ್ಲಿ ತೆರೆಯುವುದಿಲ್ಲ, ಬ್ಲೂ-ರೇ ಡ್ರೈವ್ ಇರುವ ಕಂಪ್ಯೂಟರ್ ಬೇಕು.

ಕೊಳ್ಳುವ ವಿಚಾರ. ಈ ಸರಣಿಯ ಪೆಟ್ಟಿಗೆಗಳು ಮೊದಲು ಲೀ ಬೈಂಡಿಂಗ್ ಅವರ ಮುಖಚಿತ್ರ, ಮಡಿಚುವ ಹೊದಿಕೆ, ಕಿರುಪುಸ್ತಕ ಎಲ್ಲ ಇರುವ ಸೀಮಿತ ಆವೃತ್ತಿಯಾಗಿ ಬರುತ್ತವೆ, ಬ್ರಿಟನ್ನಿನಲ್ಲಿ ಬೆಲೆ 50 ಪೌಂಡಿನ ಆಸುಪಾಸು. ಅದು ಖಾಲಿಯಾದ ಮೇಲೆ ಮರುಮಾರಾಟಗಾರರು ಬಾಯಿಗೆ ಬಂದ ಬೆಲೆ ಹೇಳುತ್ತಾರೆ. ಸ್ವಲ್ಪ ಕಾಲದ ನಂತರ ಸಾದಾ ಪ್ಲಾಸ್ಟಿಕ್ ಕೇಸಿನ ಆವೃತ್ತಿ ಬರುತ್ತದೆ, ಒಳಗಿನ ಡಿಸ್ಕ್ ಅವೇ. ಶೆಲ್ಫಿನಲ್ಲಿ ಸಾಲಾಗಿ ಜೋಡಿಸುವ ಆಸೆ ಇಲ್ಲದವರು ಸಾದಾದ್ದನ್ನೇ ಕೊಳ್ಳಿ. ವಲಯ ಸಂಕೇತ ನೋಡಲು ಮರೆಯಬೇಡಿ: ಬ್ರಿಟನ್ ‘ಬಿ’, ಅಮೆರಿಕ ‘ಎ’, ಭಾರತ ‘ಸಿ’. ಇಲ್ಲಿ ಕೊಂಡ ಪ್ಲೇಯರಿನಲ್ಲಿ ‘ಬಿ’ಗೆ ಬೀಗ ಹಾಕಿದ ಡಿಸ್ಕ್ ಓಡುವುದಿಲ್ಲ, ವಲಯಮುಕ್ತ ಪ್ಲೇಯರ್ ಬೇಕಾಗುತ್ತದೆ. ಅಂಚೆಯಲ್ಲಿ ತರಿಸಿದರೆ ಸುಂಕ ಸೇರಿ ಬೆಲೆ ಏರುತ್ತದೆ, ಅಲ್ಲಿಂದ ಊರಿಗೆ ಬರುವವರ ಕೈಯಲ್ಲಿ ತರಿಸುವುದು ಉಳಿತಾಯ. ಮಡಿಚುವ ಹೊದಿಕೆಯ ಟ್ರೇಯಿಂದ ಡಿಸ್ಕ್ ತೆಗೆಯುವಾಗ ನಡುವಿನ ಗುಂಡಿಯನ್ನು ಒತ್ತಿ ಎತ್ತಿ, ಅಂಚು ಹಿಡಿದು ಜಗ್ಗಿದರೆ ಒಳಸುತ್ತಿನಲ್ಲಿ ಬಿರುಕು ಬರಬಹುದು. ಬಳಸಿದ್ದನ್ನು ಕೊಳ್ಳುವವರು ಆ ಒಳಸುತ್ತಿನ ಫೋಟೋ ಕೇಳಿ ಪಡೆಯಿರಿ.

ಬರೀ ಚಿತ್ರದ ಸ್ಪಷ್ಟತೆ ಬೇಕಾದವರಿಗೆ ಈ ಪೆಟ್ಟಿಗೆ ಅಲ್ಲ. ಅವರು ಏಳನೇ ಸೀಸನ್ನಿನ ‘ಸ್ಪಿಯರ್‌ಹೆಡ್ ಫ್ರಮ್ ಸ್ಪೇಸ್’ ನೋಡಲಿ, ಸ್ಟುಡಿಯೋ ಮುಷ್ಕರದಿಂದಾಗಿ ಪೂರ್ತಿ 16 ಮಿ.ಮೀ. ಫಿಲ್ಮಿನಲ್ಲೇ ತೆಗೆದದ್ದು, 2013ರಲ್ಲೇ ನಿಜವಾದ ಎಚ್‌ಡಿಯಲ್ಲಿ ಬಂತು. ಕಥೆಯ ಬಿಗಿ ಬೇಕಾದವರಿಗೆ 12ನೇ ಸೀಸನ್. ಎಂಟನೆಯದು ಮೈಂಡ್ ಆಫ್ ಈವಿಲ್‌ಗಾಗಿ, ಡೀಮನ್ಸ್‌ಗಾಗಿ, ಡೆಲ್ಗಾಡೋಗಾಗಿ. ನೋಡುವ ಕ್ರಮ ಆಟಾನ್ಸ್, ಮೈಂಡ್ ಆಫ್ ಈವಿಲ್, ಆಮೇಲೆ ನೇರ ಡೀಮನ್ಸ್. ಆಕ್ಸಾಸ್ ಮನೆಮಂದಿಯೆಲ್ಲ ಕೂತು ನಗಲು, ಕಾಲನಿ ಮಳೆಗಾಲದ ರಜೆಗೆ.